ಬೇಗೂರಿನ ಕಲ್ಲು, ಕಲಾತ್‌ನ ‘ಖಲ್’

ಬೊಮ್ಮನಹಳ್ಳಿ ಕಡೆಯಿಂದ ಬೇಗೂರು ರಸ್ತೆ ಹಿಡಿದರೆ ಪಿ.ಜಿ., ಅಪಾರ್ಟ್‌ಮೆಂಟು, ದರ್ಶಿನಿ, ಟ್ರಾಫಿಕ್ಕು. ಅದೆಲ್ಲ ದಾಟಿದ ಮೇಲೆ ಸಿಗೋದು ಹಳೇ ಊರು, ಕೆರೆ, ನಾಗೇಶ್ವರ ದೇವಸ್ಥಾನ. ಗಂಗರ ಕಾಲದ ಈ ಗುಡಿಯ ಆವರಣದಲ್ಲಿ ಕ್ರಿ.ಶ. ಸುಮಾರು 890ರ ಒಂದು ವೀರಗಲ್ಲಿನ ಶಾಸನವಿದೆ. ಬೆಂಗಳೂರಿನ ಕಾಳಗದಲ್ಲಿ ಸತ್ತವರ ನೆನಪಿಗೆ ಕೆತ್ತಿಸಿದ್ದು. ಕೆಂಪೇಗೌಡರು ಕೋಟೆ ಕಟ್ಟಿದ್ದು 1537ರಲ್ಲಿ. ನಮ್ಮ ಊರಿನ ಹೆಸರು ಅದಕ್ಕಿಂತ 600 ವರ್ಷ ಹಳೆಯದು!

ಈ ಕಲ್ಲಿಗೆ ಹಳಗನ್ನಡದಲ್ಲಿ ‘ಕಲ್’. ಇಲ್ಲಿಂದ 2,000 ಕಿ.ಮೀ.ಗೂ ದೂರದ ಬಲೂಚಿಸ್ತಾನದಲ್ಲಿ, ಕಲಾತ್ ಸುತ್ತಮುತ್ತ, ಬ್ರಾಹುಯಿ ಜನ ಕಲ್ಲಿಗೆ ‘ಖಲ್’ ಅಂತಾರೆ. ಕಣ್ಣು ಅವರಿಗೆ ‘ಖನ್’, ಬಾಯಿ ‘ಬಾ’, ‘ನೀ’ ಅಂದರೆ ನೀನೇ. ಹಾಲಿಗೆ ‘ಪಾಲ್ಹ್’, ನಮ್ಮ ಹಳಗನ್ನಡದಲ್ಲಿ ‘ಪಾಲ್’. ಬ್ರಾಹುಯಿ ಕೂಡ ದ್ರಾವಿಡ ಭಾಷೆ, ದೂರದಲ್ಲಿ ಉಳಿದುಹೋದ ನಮ್ಮ ದಾಯಾದಿ.

ಆದರೆ ಎರಡು ಭಾಷೆಗಳ ಹಣೆಬರಹ ಬೇರೆ ಬೇರೆ. ಬೇಗೂರಿನ ಕಲ್ಲು ನಿಲ್ಲೋ ಹೊತ್ತಿಗೆ ‘ಕವಿರಾಜಮಾರ್ಗ’ ಬಂದು 40 ವರ್ಷವಾಗಿತ್ತು. ಬ್ರಾಹುಯಿಯಲ್ಲಿ ಸಿಕ್ಕಿರುವ ಹಳೆಯ ಪುಸ್ತಕವೆಂದು ಹೇಳೋದು ಮಲಿಕ್ ದಾದ್ ಕಲಾತಿಯ ‘ತುಹ್ಫತ್ ಉಲ್ ಅಜಾಯಿಬ್’. ಅದು 18ನೇ ಶತಮಾನದ್ದು. ಅಲ್ಲಿವರೆಗೆ ಹಾಡು, ಕತೆ, ಗಾದೆ ಎಲ್ಲ ಬಾಯಲ್ಲೇ. ಆಸ್ಥಾನದ ಬರವಣಿಗೆ ಪಾರ್ಸಿಯಲ್ಲಿ. ಹೀಗಿದ್ದೂ ಆ ಭಾಷೆ ಉಳಿದದ್ದು ಮನೆಯಲ್ಲಿ ಮಾತಾಡಿದ್ದರಿಂದ, ಹಾಡಿದ್ದರಿಂದ.

ಸವೆದದ್ದೂ ಇದೆ. ಎಣಿಕೆಯನ್ನೇ ನೋಡಿ: ಅಸಿಟ್, ಇರಟ್, ಮುಸಿಟ್. ಎರಡು, ಮೂರು ಕಿವಿಗೆ ಕೇಳಿಸ್ತು ತಾನೆ? ಅಲ್ಲಿಗೆ ಸ್ವಂತದ್ದು ಮುಗೀತು. ನಾಲ್ಕರಿಂದ ಮುಂದೆ ‘ಚಾರ್’ ಅಂತ ನೆರೆಭಾಷೆಯ ಸಾಲ. ಅಯ್ಯೋ ಪಾಪ ಅನ್ನೋ ಮೊದಲು ನಿಮ್ಮ ಮೊಬೈಲ್ ನಂಬರನ್ನ ಕನ್ನಡದಲ್ಲಿ ಹೇಳಿ ನೋಡಿ. ನಮ್ಮಲ್ಲಿ ಎಷ್ಟೋ ಜನ ಸೊನ್ನೆಯಿಂದಲೇ ಇಂಗ್ಲಿಷ್!

ಕಲ್ಲಿನ ಚಿಂತೆ ಅಷ್ಟಿಲ್ಲ. ಮಿಥಿಕ್ ಸೊಸೈಟಿಯವರು ಬೆಂಗಳೂರು ಭಾಗದ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಾ ಬಂದಿದ್ದಾರೆ. ಬಾಯಿಮಾತಿಗೆ ಅಂಥ ಸೊಸೈಟಿ ನಮ್ಮ ಮನೆಯೇ. ಈ ಭಾನುವಾರ ಬೆಳಿಗ್ಗೆ, ಬಿಸಿಲೇರೋ ಮುಂಚೆ ಬೇಗೂರಿಗೆ ಹೋಗಿ ಬನ್ನಿ. ಮಕ್ಕಳಿದ್ದರೆ ಕರಕೊಂಡು ಹೋಗಿ. ಗುಡಿಯ ಮೆಟ್ಟಿಲುಗಳನ್ನ ಕನ್ನಡದಲ್ಲೇ ಎಣಿಸಲಿ. ಸಂಜೆ ಅಜ್ಜಿಗೆ ಫೋನ್ ಮಾಡಿ, ಒಂದು ಹಾಡು ಹೇಳಿಸಿ, ರೆಕಾರ್ಡ್ ಮಾಡಿಟ್ಟುಕೊಳ್ಳಿ.