ಕೋಡ್ ಕೆಟ್ಟಿಲ್ಲ ತಮ್ಮಾ, ಹೊಂದಾಣಿಕೆ ತಪ್ಪಿದೆ

ನಾರಾಯಣಪುರ,
ಬಸವಕಲ್ಯಾಣ ತಾಲ್ಲೂಕು

ಹುಮನಾಬಾದಿನ ಪ್ರೀತಿಯ ತಮ್ಮನಿಗೆ,

ನಿನ್ನ ಪತ್ರ ಸಿಕ್ಕಿತು. ತೊಗರಿ ಚೀಲದ ತೂಕ, ದರ, ಹಮಾಲಿ ಎಲ್ಲವನ್ನೂ ಮೊಬೈಲಿನಲ್ಲೇ ಬರೆದಿಡುವ ಆ್ಯಪನ್ನು ಕನ್ನಡದಲ್ಲೇ ಮಾಡಿದ್ದೀಯ ಎಂದು ಓದಿ ಖುಷಿಯಾಯಿತು. ನಮ್ಮ ಕಡೆಯ ಹುಡುಗರು ಕೋಡ್ ಕಲಿತದ್ದೇ ಹೈದರಾಬಾದಿಗೋ ಪುಣೆಗೋ ಬಸ್ ಹತ್ತುತ್ತಾರೆ. ಕಲಿತದ್ದನ್ನು ಊರಿನ ಲೆಕ್ಕಕ್ಕೆ ಹಚ್ಚುವವರು ಕಡಿಮೆ. ನೀನು ಹಚ್ಚಿದ್ದೀಯ.

ಇನ್ನು ನಿನ್ನ ತಾಪತ್ರಯ. ಆಂಡ್ರಾಯ್ಡ್ ಸ್ಟುಡಿಯೋ ಅಪ್‌ಡೇಟ್ ಮಾಡುವ ಮುನ್ನ ಆ್ಯಪ್ ಸರಿಯಾಗಿ ಬಿಲ್ಡ್ ಆಗುತ್ತಿತ್ತು. ಈಗ ಪರದೆ ತುಂಬ ಕೆಂಪು ಅಕ್ಷರ. ನೀನು ಕೋಡಿನಲ್ಲಿ ಒಂದು ಸಾಲನ್ನೂ ಮುಟ್ಟಿಲ್ಲ. 'ಹಂಗಾದ್ರೆ ನನ್ನ ಆ್ಯಪ್ ಕೆಟ್ಟಿದ್ದು ಹೆಂಗೆ ಅಣ್ಣಾ?' ಎಂದು ಕೇಳಿದ್ದೀಯ. ಆ್ಯಪ್ ಕೆಟ್ಟಿಲ್ಲ. ಅದನ್ನು ಕಟ್ಟಿಕೊಡುವ ಸಾಧನಗಳಲ್ಲಿ ಒಂದು ಹೊಸದಾಗಿದೆ, ಉಳಿದವು ಹಳೆಯವಾಗಿಯೇ ಇವೆ. ಕೆಂಪು ಅಕ್ಷರಗಳು ಹೇಳುತ್ತಿರುವುದು ಅಷ್ಟೇ. ಯಾವುದು ಯಾವುದಕ್ಕೆ ಹೊಂದುತ್ತಿಲ್ಲ ಎಂದು ಕಂಡುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಆ ಸಾಧನಗಳು ಯಾವುವು ನೋಡು. ನೀನು ಕೂತು ಬರೆಯುವುದು ಸ್ಟುಡಿಯೋದಲ್ಲಿ. ಬಿಲ್ಡ್ ಕೆಲಸ ನಡೆಸುವುದು ಗ್ರೇಡಲ್. ಗ್ರೇಡಲ್‌ಗೆ ಆಂಡ್ರಾಯ್ಡ್ ಕೆಲಸ ಕಲಿಸುವುದು ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್, ಎಲ್ಲರೂ ಎಜಿಪಿ ಅನ್ನುತ್ತಾರೆ. ಗ್ರೇಡಲ್ ಓಡುವುದೇ ಜಾವಾ ಮೇಲೆ, ಅಂದರೆ ಜೆಡಿಕೆ ಬೇಕು. ಕಾಟ್ಲಿನ್ ಪ್ಲಗಿನ್ ಬೇರೆ, ನೀನು ಸೇರಿಸಿಕೊಂಡ ಲೈಬ್ರರಿಗಳು ಬೇರೆ. ಪ್ರತಿಯೊಂದಕ್ಕೂ ತನ್ನದೇ ವರ್ಶನ್ ಇದೆ. ಸ್ಟುಡಿಯೋ ತನ್ನ ಜೊತೆಗೇ ಒಂದು ಜೆಡಿಕೆ ತರುತ್ತದೆ ಎಂಬುದು ಬಹಳ ಜನರ ಗಮನಕ್ಕೆ ಬರುವುದಿಲ್ಲ. 2024ರಲ್ಲಿ ಬಂದ ಲೇಡಿಬಗ್ ಆವೃತ್ತಿಯ ಜೊತೆ ಬಂದದ್ದು ಜಾವಾ 21. ಅದಕ್ಕೂ ಸ್ವಲ್ಪ ಹಿಂದಿನವುಗಳಲ್ಲಿ ಇದ್ದದ್ದು ಜಾವಾ 17. ನೀನು ಸ್ಟುಡಿಯೋ ಮಾತ್ರ ಅಪ್‌ಡೇಟ್ ಮಾಡಿದೆ ಅಂದುಕೊಂಡೆ, ಹಿಂದಿನ ಬಾಗಿಲಿನಿಂದ ಜಾವಾ ಕೂಡ ಬದಲಾಯಿತು. ಪ್ರಾಜೆಕ್ಟಿನಲ್ಲಿದ್ದ ಗ್ರೇಡಲ್ 7.5ಕ್ಕೆ ಜಾವಾ 21 ಗೊತ್ತಿಲ್ಲ. ಜಾವಾ 21ರ ಮೇಲೆ ಓಡಲು ಕನಿಷ್ಠ ಗ್ರೇಡಲ್ 8.5 ಬೇಕು.

ನೀನು ಕಳಿಸಿದ ಎರರ್‌ನಲ್ಲಿ ಇದೇ ಇದೆ: 'ಅನ್‌ಸಪೋರ್ಟೆಡ್ ಕ್ಲಾಸ್ ಫೈಲ್ ಮೇಜರ್ ವರ್ಶನ್ 65.' ಈ 65 ಎಲ್ಲಿಂದ ಬಂತು ಎಂದು ತಲೆ ಕೆಡಿಸಿಕೊಳ್ಳಬೇಡ. ಅದರಲ್ಲಿ 44 ಕಳೆ. ಉಳಿಯುವುದು 21, ಅದೇ ಜಾವಾ ವರ್ಶನ್. 61 ಬಂದರೆ ಜಾವಾ 17, 55 ಬಂದರೆ ಜಾವಾ 11, 52 ಬಂದರೆ ಜಾವಾ 8. ಈ ಒಂದು ಕಳೆಯುವ ಲೆಕ್ಕ ಗೊತ್ತಿದ್ದರೆ ಗೂಗಲ್ ಮಾಡುವ ಮೊದಲೇ ಜಗಳ ಯಾರ ನಡುವೆ ಎಂದು ತಿಳಿದುಬಿಡುತ್ತದೆ.

ಎರರ್ ಓದುವುದಕ್ಕೂ ಒಂದು ಕ್ರಮವಿದೆ. ಮೇಲಿನ ಸಾಲಿನಲ್ಲಿ ಬರುವ 'ಬಿಲ್ಡ್ ಫೇಲ್ಡ್' ಸುದ್ದಿಯೇ ಹೊರತು ಕಾರಣವಲ್ಲ. ಕೆಳಗೆ ಇಳಿಯುತ್ತಾ ಹೋಗು. 'ಕಾಸ್ಡ್ ಬೈ' ಎಂದು ಶುರುವಾಗುವ ಸಾಲುಗಳು ಒಂದರ ಕೆಳಗೆ ಒಂದು ಬರುತ್ತವೆ. ಅವುಗಳಲ್ಲಿ ಎಲ್ಲಕ್ಕಿಂತ ಕೆಳಗಿನದು ಸಾಮಾನ್ಯವಾಗಿ ಮೂಲ ಕಾರಣ. ಸಾಲುಗಳು ಕಾಣದಿದ್ದರೆ ಟರ್ಮಿನಲ್‌ನಲ್ಲಿ ಬಿಲ್ಡ್ ಕಮಾಂಡಿನ ಕೊನೆಗೆ ಸ್ಟ್ಯಾಕ್‌ಟ್ರೇಸ್ ಆಯ್ಕೆ ಸೇರಿಸಿ ಓಡಿಸು. ಆದರೆ ಒಂದು ಎಚ್ಚರ: ಸ್ಟುಡಿಯೋ ಒಂದು ಜಾವಾ ಬಳಸುತ್ತಿರಬಹುದು, ಟರ್ಮಿನಲ್ ಜಾವಾ ಹೋಮ್‌ನಲ್ಲಿ ಬರೆದ ಇನ್ನೊಂದನ್ನು ಬಳಸುತ್ತಿರಬಹುದು. ಒಂದೆಡೆ ಬಿಲ್ಡ್ ಆಗಿ ಇನ್ನೊಂದೆಡೆ ಆಗದಿದ್ದರೆ ಮೊದಲು ಇದನ್ನೇ ಸಂಶಯಪಡು. ಗ್ರೇಡಲ್ ರ‍್ಯಾಪರ್‌ಗೆ ವರ್ಶನ್ ಕೇಳಿದರೆ ಗ್ರೇಡಲ್ ಯಾವುದು, ಅದು ಯಾವ ಜಾವಾ ಮೇಲೆ ಓಡುತ್ತಿದೆ, ಎರಡನ್ನೂ ಹೇಳುತ್ತದೆ.

ಈಗ ಪರಿಹಾರ. ದಾರಿ ಎರಡಿವೆ. ಜಾವಾವನ್ನು ಹಿಂದಕ್ಕೆ ಕರೆತರುವುದು ಒಂದು, ಗ್ರೇಡಲನ್ನು ಮುಂದಕ್ಕೆ ಒಯ್ಯುವುದು ಇನ್ನೊಂದು. ಮೊದಲು ಹಿಂದಕ್ಕೆ ಬಾ ಎನ್ನುತ್ತೇನೆ. ಸ್ಟುಡಿಯೋದ ಸೆಟ್ಟಿಂಗ್ಸ್‌ಗೆ ಹೋಗಿ ಬಿಲ್ಡ್ ಟೂಲ್ಸ್ ಒಳಗಿನ ಗ್ರೇಡಲ್ ತೆರೆ. ಅಲ್ಲಿ 'ಗ್ರೇಡಲ್ ಜೆಡಿಕೆ' ಎಂಬ ಆಯ್ಕೆಯಲ್ಲಿ 17 ಆರಿಸು. ನಿನ್ನ ಎಜಿಪಿ 7.4, ಗ್ರೇಡಲ್ 7.5, ಈ ಜೋಡಿ ಜಾವಾ 17ರ ಮೇಲೆ ತಕರಾರಿಲ್ಲದೆ ಓಡುತ್ತದೆ. ಬಿಲ್ಡ್ ಆಯಿತೇ? ತಕ್ಷಣ ಗಿಟ್‌ನಲ್ಲಿ ಕಮಿಟ್ ಮಾಡಿಬಿಡು. ಕಾಲಿಡಲು ಗಟ್ಟಿ ನೆಲ ಸಿಕ್ಕ ಮೇಲೆಯೇ ಮುಂದಿನ ಮಾತು.

ಮುಂದೆ ಹೋಗುವಾಗ ಒಮ್ಮೆಲೇ ಎಲ್ಲವನ್ನೂ ಹೊಸದು ಮಾಡಬೇಡ. ಎಜಿಪಿ 8.0ಕ್ಕೆ ಕನಿಷ್ಠ ಗ್ರೇಡಲ್ 8.0 ಮತ್ತು ಜಾವಾ 17 ಬೇಕು. ಅಲ್ಲಿಗೆ ಮೊದಲು ಹೋಗು, ಬಿಲ್ಡ್ ಮಾಡು, ಕಮಿಟ್ ಮಾಡು. ಆಮೇಲೆ ಎಜಿಪಿ 8.7, ಅದಕ್ಕೆ ಗ್ರೇಡಲ್ 8.9 ಬೇಕು. ಸ್ಟುಡಿಯೋದ ಟೂಲ್ಸ್ ಮೆನುವಿನಲ್ಲೇ ಎಜಿಪಿ ಅಪ್‌ಗ್ರೇಡ್ ಅಸಿಸ್ಟಂಟ್ ಇದೆ, ಏನೇನು ಬದಲಾಗಲಿದೆ ಎಂದು ಮೊದಲೇ ಪಟ್ಟಿ ಕೊಡುತ್ತದೆ. ಪಟ್ಟಿ ಓದದೆ ಒಪ್ಪಿಗೆಯ ಗುಂಡಿ ಒತ್ತಬೇಡ.

ಎಜಿಪಿ 8ಕ್ಕೆ ಕಾಲಿಟ್ಟ ಕೂಡಲೇ ಮೂರು ಎರರ್ ಎದುರಾಗುವುದು ಹೆಚ್ಚು. ಮೊದಲನೆಯದು 'ನೇಮ್‌ಸ್ಪೇಸ್ ನಾಟ್ ಸ್ಪೆಸಿಫೈಡ್'. ಹಿಂದೆ ಪ್ಯಾಕೇಜಿನ ಹೆಸರನ್ನು ಮ್ಯಾನಿಫೆಸ್ಟ್ ಫೈಲಿನಲ್ಲಿ ಬರೆದರೆ ನಡೆಯುತ್ತಿತ್ತು. ಈಗ ಅದನ್ನು ಮಾಡ್ಯೂಲಿನ ಬಿಲ್ಡ್ ಫೈಲಿನಲ್ಲಿ ನೇಮ್‌ಸ್ಪೇಸ್ ಎಂದು ಬರೆಯಲೇಬೇಕು. ನಿನ್ನ ಫೈಲಿನಲ್ಲಿ ಬರೆದ ಮೇಲೂ ಅದೇ ಎರರ್ ಬಂದರೆ, ನೀನು ಸೇರಿಸಿಕೊಂಡ ಯಾವುದೋ ಹಳೆಯ ಮಾಡ್ಯೂಲ್ ಇನ್ನೂ ಬರೆದುಕೊಂಡಿಲ್ಲ ಎಂದರ್ಥ. ಫ್ಲಟರ್‌ನಲ್ಲಿ ಹಳೆಯ ಪ್ಲಗಿನ್ ಬಳಸುವವರಿಗೆ ಈ ಕಾಟ ಜಾಸ್ತಿ. ಆ ಪ್ಲಗಿನ್‌ನ ಹೊಸ ವರ್ಶನ್ ತರಬೇಕು. ಎರಡನೆಯದು, 'ಬಿಲ್ಡ್‌ಕಾನ್ಫಿಗ್' ಸಿಗುತ್ತಿಲ್ಲ ಎಂಬ ದೂರು. ಆ ಫೈಲು ಮೊದಲು ತಾನಾಗಿ ಹುಟ್ಟುತ್ತಿತ್ತು, ಎಜಿಪಿ 8ರಿಂದ ಕೇಳಿದರೆ ಮಾತ್ರ ಹುಟ್ಟುತ್ತದೆ. ಬಿಲ್ಡ್ ಫೀಚರ್ಸ್ ಒಳಗೆ ಅದನ್ನು ಟ್ರೂ ಮಾಡು. ಮೂರನೆಯದು, ಜಾವಾ ಕಂಪೈಲ್ 1.8ಕ್ಕೆ, ಕಾಟ್ಲಿನ್ ಕಂಪೈಲ್ 17ಕ್ಕೆ ಗುರಿಯಿಟ್ಟಿದೆ, ಜೆವಿಎಂ ಟಾರ್ಗೆಟ್ ಹೊಂದುತ್ತಿಲ್ಲ ಎಂಬ ಎರರ್. ಎರಡು ಕಡೆಯೂ ಒಂದೇ ಸಂಖ್ಯೆ ಬರೆ, ಮುಗಿಯಿತು.

ಲೈಬ್ರರಿ ಸಿಗುತ್ತಿಲ್ಲ ಎಂದರೆ ಬಿಲ್ಡ್ ಫೈಲಿನಲ್ಲಿ ಜೆಸೆಂಟರ್ ಎಂಬ ಹಳೆಯ ಲೈಬ್ರರಿ ಭಂಡಾರದ ಹೆಸರು ಉಳಿದಿದೆಯೇ ನೋಡು. ಹಳೆಯ ಪಾಠಗಳನ್ನು ನೋಡಿ ಕಲಿತವರ ಪ್ರಾಜೆಕ್ಟುಗಳಲ್ಲಿ ಇದು ಇದ್ದೇ ಇರುತ್ತದೆ. ಅದನ್ನು ನಡೆಸುತ್ತಿದ್ದ ಜೆಫ್ರಾಗ್ ಕಂಪನಿ 2021ರ ಫೆಬ್ರುವರಿಯಲ್ಲೇ ಮುಚ್ಚುವುದಾಗಿ ಹೇಳಿತು. ಅದರ ಜಾಗದಲ್ಲಿ ಮೇವೆನ್ ಸೆಂಟ್ರಲ್ ಎಂದು ಬರೆ. ಅಲ್ಲೂ ಸಿಗದ ಲೈಬ್ರರಿಯಾದರೆ ಅದರ ಮಾಲೀಕರೇ ಕೈಬಿಟ್ಟಿದ್ದಾರೆ ಎಂದುಕೊಂಡು ಬೇರೆಯದನ್ನು ಹುಡುಕುವುದೇ ಒಳ್ಳೆಯದು.

ಇನ್ನೊಂದು ಎರರ್ ದೊಡ್ಡ ಊರಿನವರಿಗಿಂತ ನಮ್ಮಂಥವರಿಗೆ ಹೆಚ್ಚು. ಗ್ರೇಡಲ್‌ನ ಹೊಸ ವರ್ಶನ್ ಎಂದರೆ ನೂರು ಎಂಬಿಗಿಂತ ದೊಡ್ಡ ಜಿಪ್ ಫೈಲು. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇಳಿಯುತ್ತಿರುವಾಗ ಕರೆಂಟು ಹೋಯಿತು, ಇಲ್ಲವೇ ದಿನದ ಡೇಟಾ ಮುಗಿಯಿತು ಅನ್ನು. ಫೈಲು ಅರ್ಧಕ್ಕೇ ನಿಂತಿರುತ್ತದೆ. ಮಾರನೆಯ ದಿನ 'ಜಿಪ್ ಎಂಡ್ ಹೆಡರ್ ನಾಟ್ ಫೌಂಡ್' ಎಂದು ಬರುತ್ತದೆ. ಕೋಡ್ ನೋಡುತ್ತಾ ಕೂತರೆ ಇದು ಸಂಜೆಯವರೆಗೂ ಬಗೆಹರಿಯುವುದಿಲ್ಲ. ನಿನ್ನ ಯೂಸರ್ ಫೋಲ್ಡರಿನಲ್ಲಿ ಚುಕ್ಕೆಯಿಂದ ಶುರುವಾಗುವ ಗ್ರೇಡಲ್ ಫೋಲ್ಡರ್ ಇದೆ. ಅದರೊಳಗೆ ರ‍್ಯಾಪರ್, ಅದರೊಳಗೆ ಡಿಸ್ಟ್ಸ್. ಅಲ್ಲಿ ಆ ಒಂದು ವರ್ಶನ್ನಿನ ಫೋಲ್ಡರನ್ನು ಮಾತ್ರ ಅಳಿಸಿ, ನೆಟ್ ಚೆನ್ನಾಗಿರುವ ಹೊತ್ತಿನಲ್ಲಿ ಮತ್ತೆ ಇಳಿಸಿಕೋ. ಇಡೀ ಗ್ರೇಡಲ್ ಫೋಲ್ಡರ್ ಅಳಿಸಿಬಿಡು ಎಂದು ಹೇಳುವವರ ಮಾತು ಕೇಳಬೇಡ. ಅದರಲ್ಲಿರುವ ಲೈಬ್ರರಿಗಳೆಲ್ಲ ಹೋಗಿ, ಮತ್ತೆ ಮೊದಲಿನಿಂದ ಡೌನ್‌ಲೋಡ್ ಮಾಡುವುದಕ್ಕೇ ನಿನ್ನ ಡೇಟಾ ಖರ್ಚಾಗುತ್ತದೆ.

ಕನ್ನಡದಲ್ಲಿ ಕೆಲಸ ಮಾಡುವವರಿಗೇ ಬರುವ ಎರಡು ತೊಡಕುಗಳನ್ನೂ ಹೇಳಿಬಿಡುತ್ತೇನೆ. ನೀನು ಪ್ರಾಜೆಕ್ಟಿನ ಫೋಲ್ಡರಿಗೆ 'ತೊಗರಿ ಲೆಕ್ಕ' ಎಂದು ಕನ್ನಡದಲ್ಲೇ ಹೆಸರಿಡಬೇಕೆಂದಿದ್ದೀಯ. ವಿಂಡೋಸ್‌ನಲ್ಲಿ ಫೋಲ್ಡರಿನ ದಾರಿಯಲ್ಲಿ ಇಂಗ್ಲಿಷೇತರ ಅಕ್ಷರ ಕಂಡರೆ ಆಂಡ್ರಾಯ್ಡ್ ಪ್ಲಗಿನ್ ಬಿಲ್ಡ್ ನಿಲ್ಲಿಸಿಬಿಡುತ್ತದೆ. ಆ ತಪಾಸಣೆಯನ್ನು ಸುಮ್ಮನಾಗಿಸುವ ಸೆಟ್ಟಿಂಗ್ ಇದೆ, ಆದರೆ ಸುಮ್ಮನಾಗಿಸಿದರೆ ಮುಂದೆ ಬೇರೆಲ್ಲೋ ಎಡವುತ್ತೀಯ. ಫೋಲ್ಡರಿಗೆ ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಡು. ಆ್ಯಪಿನ ಹೆಸರು, ಒಳಗಿನ ಮಾತು ಎಲ್ಲ ಕನ್ನಡದಲ್ಲೇ ಇರಲಿ. ಅದಕ್ಕೆ ಯಾರದೂ ಅಡ್ಡಿಯಿಲ್ಲ.

ಎರಡನೆಯದು ಇದಕ್ಕಿಂತ ಸೂಕ್ಷ್ಮ. ಹಳ್ಳಿಗಳ ಹೆಸರುಗಳನ್ನು ಒಂದು ಫೈಲಿನಿಂದ ಓದಿ ಬಿಲ್ಡ್ ಹೊತ್ತಿನಲ್ಲೇ ಆ್ಯಪಿಗೆ ಸೇರಿಸುತ್ತೀಯಲ್ಲ, ಆ ಹೆಸರುಗಳೆಲ್ಲ ಗೊಜಲು ಅಕ್ಷರವಾಗಿ ಬರುತ್ತಿದ್ದವು ಎಂದು ಬರೆದಿದ್ದೀಯ. ಫಾಂಟಿನ ದೋಷವಲ್ಲ ಅದು. 2022ರಲ್ಲಿ ಬಂದ ಜಾವಾ 18ರಿಂದ ಯುಟಿಎಫ್-8 ತಾನಾಗಿಯೇ ಜಾರಿಯಲ್ಲಿರುತ್ತದೆ. ಅದಕ್ಕಿಂತ ಹಿಂದಿನ ಜಾವಾ ವಿಂಡೋಸ್ ಹೇಳಿದ ಎನ್‌ಕೋಡಿಂಗನ್ನು ನಂಬುತ್ತಿತ್ತು, ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲ. ಅಂದರೆ ಗ್ರೇಡಲ್ ಜೆಡಿಕೆ 17 ಆರಿಸಿದಾಗ ಈ ತೊಂದರೆ ಮತ್ತೆ ತಲೆ ಎತ್ತಬಹುದು. ಸ್ಟುಡಿಯೋ ಹೊಸ ಪ್ರಾಜೆಕ್ಟ್ ಮಾಡುವಾಗ ಗ್ರೇಡಲ್ ಪ್ರಾಪರ್ಟೀಸ್ ಫೈಲಿನಲ್ಲಿ ಮೆಮೊರಿ ಎಷ್ಟು ಎಂಬ ಸಾಲಿನಲ್ಲೇ ಫೈಲ್ ಎನ್‌ಕೋಡಿಂಗ್ ಯುಟಿಎಫ್-8 ಎಂದೂ ಬರೆದಿರುತ್ತದೆ. ಬಿಲ್ಡ್ ನಿಧಾನ ಎಂದು ಎಲ್ಲಿಂದಲೋ ದೊಡ್ಡ ಮೆಮೊರಿಯ ಸಾಲು ತಂದು ಅಂಟಿಸಿದವರು ಹಳೆಯ ಸಾಲಿನ ಜೊತೆ ಈ ಎನ್‌ಕೋಡಿಂಗನ್ನೂ ಅಳಿಸಿಬಿಡುತ್ತಾರೆ. ನಿನ್ನ ಫೈಲಿನಲ್ಲಿ ಅದು ಇಲ್ಲ, ನೋಡಿದೆ. ಮತ್ತೆ ಸೇರಿಸು. ಇನ್ನೂ ಗಟ್ಟಿ ಮಾಡಬೇಕೆಂದರೆ ಫೈಲು ಓದುವ ಕೋಡಿನಲ್ಲೇ ಯುಟಿಎಫ್-8 ಎಂದು ಹೇಳಿಬಿಡು. ಆಗ ಯಾವ ಜಾವಾ ಬಂದರೂ ನಾರಾಯಣಪುರ ನಾರಾಯಣಪುರವಾಗಿಯೇ ಉಳಿಯುತ್ತದೆ.

ನಮ್ಮೂರಿನಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಿವಾಲಯವಿದೆ, ನೀನೂ ನೋಡಿರಬಹುದು. ಅಂಥ ಕಲ್ಲಿನ ಗುಡಿಯನ್ನು ಬಿಚ್ಚಿ ಮತ್ತೆ ಕಟ್ಟಬೇಕಾದಾಗ ತಿಳಿದವರು ಮೊದಲು ಒಂದೊಂದು ಕಲ್ಲಿಗೂ ನಂಬರ್ ಬರೆಯುತ್ತಾರೆ. ಯಾವ ಕಂಬದ ಮೇಲೆ ಯಾವ ತೊಲೆ ಇತ್ತೆಂದು ಗೊತ್ತಿಲ್ಲದೆ ಒಂದು ಕಲ್ಲನ್ನೂ ಅಲುಗಿಸುವುದಿಲ್ಲ. ಪ್ರಾಜೆಕ್ಟಿಗೂ ಅದೇ ಶಿಸ್ತು ಬೇಕು. ಗ್ರೇಡಲ್ ಯಾವುದೆಂದು ರ‍್ಯಾಪರ್ ಪ್ರಾಪರ್ಟೀಸ್ ಫೈಲಿನಲ್ಲಿದೆ, ಎಜಿಪಿ ಮತ್ತು ಕಾಟ್ಲಿನ್ ಯಾವುದೆಂದು ಬಿಲ್ಡ್ ಫೈಲಿನಲ್ಲಿದೆ. ಜಾವಾ ಯಾವುದೆಂದು ಮಾತ್ರ ಸಾಮಾನ್ಯವಾಗಿ ಎಲ್ಲೂ ಬರೆದಿರುವುದಿಲ್ಲ. ರೀಡ್‌ಮಿ ಫೈಲಿನಲ್ಲಿ ಒಂದು ಸಾಲು ನೀನೇ ಬರೆ. ರ‍್ಯಾಪರ್ ಫೈಲುಗಳನ್ನೂ ಗಿಟ್‌ಗೆ ಸೇರಿಸು. ನಾಳೆ ನಿನ್ನ ಗೆಳೆಯನ ಲ್ಯಾಪ್‌ಟಾಪಿನಲ್ಲಿ ಅದೇ ಗ್ರೇಡಲ್ ಇಳಿದು ಅದೇ ಆ್ಯಪ್ ಬಿಲ್ಡ್ ಆಗುತ್ತದೆ.

'ಇಷ್ಟು ರಗಳೆ ಇದ್ದರೆ ಅಪ್‌ಡೇಟೇ ಮಾಡಬಾರದಿತ್ತು' ಎಂದು ಪತ್ರದ ಕೊನೆಗೆ ಬೇಸರಪಟ್ಟಿದ್ದೀಯ. ಮಾಡದೆ ಗತಿಯಿಲ್ಲ. ಪ್ಲೇ ಸ್ಟೋರ್‌ಗೆ ಹಾಕಬೇಕೆಂದರೆ ಆ್ಯಪಿನ ಟಾರ್ಗೆಟ್ ಎಪಿಐ ವರ್ಷ ವರ್ಷ ಮೇಲೇರಿಸಬೇಕು. 2024ರ ಆಗಸ್ಟ್ 31ರಿಂದ ಹೊಸ ಆ್ಯಪ್‌ಗಳಿಗೆ ಎಪಿಐ 34 ಕಡ್ಡಾಯವಾಯಿತು, 2025ರ ಅದೇ ದಿನಕ್ಕೆ 35 ಆಯಿತು. ಹೊಸ ಎಪಿಐಗೆ ಹೊಸ ಎಜಿಪಿ, ಅದಕ್ಕೆ ಹೊಸ ಗ್ರೇಡಲ್, ಅದಕ್ಕೆ ತಕ್ಕ ಜಾವಾ. ಹೀಗೆ ಒಂದರ ಬಾಲ ಇನ್ನೊಂದಕ್ಕೆ ಗಂಟು ಬಿದ್ದಿದೆ. ಅದಕ್ಕೇ ಅಪ್‌ಡೇಟ್ ಮಾಡುವ ದಿನವನ್ನು ನೀನೇ ಆರಿಸಿಕೋ. ಕಾಲೇಜಿನಲ್ಲಿ ಪ್ರಾಜೆಕ್ಟ್ ತೋರಿಸುವ ಹಿಂದಿನ ರಾತ್ರಿ, ತೊಗರಿ ಮಾರುಕಟ್ಟೆಗೆ ಬರುವ ಹಂಗಾಮಿನ ನಡುವೆ ಬೇಡವೇ ಬೇಡ. ಬಿಡುವಿನ ದಿನ, ಬೇರೆ ಬ್ರಾಂಚಿನಲ್ಲಿ, ಒಮ್ಮೆಗೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಕೆಟ್ಟದ್ದು ಯಾವುದರಿಂದ ಎಂದು ಗೊತ್ತಾಗುವುದಿಲ್ಲ, ಸರಿಹೋದದ್ದು ಯಾವುದರಿಂದ ಎಂದೂ ಗೊತ್ತಾಗುವುದಿಲ್ಲ. ಸರಿಹೋದದ್ದರ ಕಾರಣ ಗೊತ್ತಾಗದಿರುವುದು ಹೆಚ್ಚು ಅಪಾಯ.

ಮತ್ತೆ ಎಲ್ಲಾದರೂ ಸಿಕ್ಕಿಕೊಂಡರೆ ಸಂಕೋಚವಿಲ್ಲದೆ ಬರೆ. ಆದರೆ ಪರದೆಯ ಫೋಟೋ ಹೊಡೆದು ಕಳಿಸಬೇಡ ಮಾರಾಯಾ, ಅದರಲ್ಲಿ ಅರ್ಧ ಎರರ್ ಫ್ರೇಮಿನ ಹೊರಗೇ ಉಳಿದಿರುತ್ತದೆ. ಎರರನ್ನು ಅಕ್ಷರವಾಗಿಯೇ ಕಾಪಿ ಮಾಡಿ ಕೊನೆಯ 'ಕಾಸ್ಡ್ ಬೈ'ವರೆಗೂ ಹಾಕು. ಜೊತೆಗೆ ನಾಲ್ಕು ವರ್ಶನ್ ಬರೆ: ಜಾವಾ, ಗ್ರೇಡಲ್, ಎಜಿಪಿ, ಕಾಟ್ಲಿನ್. ಆ ನಾಲ್ಕನ್ನು ಬರೆದುಕೊಳ್ಳುವ ಹೊತ್ತಿಗೆ ಉತ್ತರ ನಿನಗೇ ಹೊಳೆದರೆ ನನಗೆ ಬರೆಯುವ ತ್ರಾಸು ತೆಗೆದುಕೊಳ್ಳಬೇಡ. ನಿನ್ನ ಪಕ್ಕದ ಬೆಂಚಿನವನಿಗೆ ಹೇಳಿಕೊಡು.

ಇಂತಿ,
ನಿನ್ನ ನಾರಾಯಣಪುರದ ಅಣ್ಣ