ಎಂಜಿನ್ ಗಾಳಿ ಕುಡಿದಾಗ

ಹಲಸೂರು ಕೆರೆ ಹತ್ತಿರದ ಸಿಗ್ನಲ್‌ನಲ್ಲಿ ನಿಂತಿದ್ದಾಗ ನನ್ನ ಕಾರು ಚಳಿಜ್ವರ ಬಂದವರಂತೆ ನಡುಗತೊಡಗಿತು. ಎದುರಿನ ಫಲಕದಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಂಡಿತ್ತು.

ಒಂದು ವರ್ಕ್‌ಶಾಪಿಗೆ ಒಯ್ದೆ. ಅಲ್ಲಿಯ ಹುಡುಗ ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರಿನ ತಂತಿ ಸಿಕ್ಕಿಸಿದ. ಮಕ್ಕಳೇ, ಈಗಿನ ಕಾರುಗಳಲ್ಲಿ ಒಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಎಂಜಿನ್ನಿನ ಶಾಖ, ಒಳಹೋಗುವ ಗಾಳಿ, ಹೊಗೆಯಲ್ಲಿ ಉಳಿದ ಆಮ್ಲಜನಕ ಇವನ್ನೆಲ್ಲ ಸೆನ್ಸರುಗಳು ಅಳೆದು ಅದಕ್ಕೆ ತಿಳಿಸುತ್ತವೆ. ಲೆಕ್ಕ ತಪ್ಪಿದರೆ ಅದು ದೀಪ ಹೊತ್ತಿಸಿ, ಒಂದು ಸಂಕೇತವನ್ನು ನೆನಪಿಟ್ಟುಕೊಳ್ಳುತ್ತದೆ. ಅಮೆರಿಕದಲ್ಲಿ 1996ರಿಂದಲೇ ಹೊಸ ಕಾರುಗಳಿಗೆ ಇದು ಕಡ್ಡಾಯ.

ನನ್ನ ಕಾರಿನ ಸಂಕೇತ ಪಿ0171. ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಅದಕ್ಕಿಂತ ಹೆಚ್ಚಾಗಿತ್ತು. "ಆಕ್ಸಿಜನ್ ಸೆನ್ಸರ್ ಕೆಟ್ಟಿದೆ" ಎಂದರು. ಕೆಲವು ಸಾವಿರ ಕೊಟ್ಟು ಹೊಸದು ಹಾಕಿಸಿದೆ. ನಾಲ್ಕೇ ದಿನ! ಮತ್ತೆ ಅದೇ ದೀಪ, ಅದೇ ಸಂಕೇತ.

ಈ ಬಾರಿ ಶಿವಾಜಿನಗರಕ್ಕೆ ಹೋದೆ. ಗುಜರಿ ಅಂಗಡಿಗಳ ಗಲ್ಲಿಯಲ್ಲಿ ವಯಸ್ಸಾದ ಮೆಕ್ಯಾನಿಕ್ ಒಬ್ಬರಿದ್ದರು. "ಸ್ಟಾರ್ಟ್ ಮಾಡಿ ಸಾರ್, ರೇಸ್ ಕೊಡಬೇಡಿ" ಎಂದರು. ಒಂದು ರಬ್ಬರ್ ಕೊಳವೆಯ ತುದಿಯನ್ನು ಕಿವಿಗಿಟ್ಟುಕೊಂಡು ಇನ್ನೊಂದು ತುದಿಯನ್ನು ಎಂಜಿನ್ನಿನ ಸುತ್ತ ಆಡಿಸಿದರು, ಥೇಟ್ ಡಾಕ್ಟರ ಹಾಗೆ. (ಓಡುತ್ತಿರುವ ಎಂಜಿನ್ ಹತ್ತಿರ ನೀವು ಹೋಗಬೇಡಿ, ಅದರ ಫ್ಯಾನು, ಬೆಲ್ಟು ಅಪಾಯ.) ನನ್ನ ಕಿವಿಗೂ ಕೊಟ್ಟರು. 'ಸ್ಸ್ಸ್' ಎಂಬ ಸದ್ದು! ಕೊಳವೆಯು ಸದ್ದನ್ನು ಸುತ್ತ ಚದುರಲು ಬಿಡದೆ ನೇರ ಕಿವಿಗೆ ತರುತ್ತದೆ. ಬೆರಳ ಗಾತ್ರದ ಒಂದು ಪೈಪನ್ನು ಅವರು ಇಕ್ಕಳದಿಂದ ಅಮುಕಿದರು. ನಡುಕ ನಿಂತೇಹೋಯಿತು.

"ಪೈಪ್ ಸೀಳಿದೆ. ಗಾಳಿ ಕುಡೀತಾ ಇದೆ ಸಾರ್."

ಎಂಜಿನ್ ಗಾಳಿ ಎಳೆದುಕೊಳ್ಳುವ ಕಡೆ ಒತ್ತಡ ಹೊರಗಿಗಿಂತ ಕಡಿಮೆ. ಹಾಗಾಗಿ ಸೀಳಿನಿಂದ ಗಾಳಿ ಒಳಗೆ ನುಗ್ಗುತ್ತಿತ್ತು. ಗಾಳಿ ಅಳೆಯುವ ಸೆನ್ಸರನ್ನು ದಾಟಿ ಬರದ್ದರಿಂದ ಅದು ಕಂಪ್ಯೂಟರಿನ ಲೆಕ್ಕಕ್ಕೆ ಸಿಗಲಿಲ್ಲ. ಆಕ್ಸಿಜನ್ ಸೆನ್ಸರ್ ಮಾತ್ರ ಗಾಳಿ ಹೆಚ್ಚಾಗಿದೆ ಎಂದು ಸರಿಯಾಗಿಯೇ ಹೇಳಿತ್ತು. ಪಾಪ, ನಿಜ ಹೇಳಿದ್ದಕ್ಕೆ ಅದನ್ನೇ ಕೀಳಿಸಿದ್ದೆ!

"ಹಾಗಾದರೆ ಆ ಮಷೀನು ದಂಡ ಅನ್ನಿ, ಭಾಯ್" ಎಂದೆ. ಅವರು ನಕ್ಕು ಡ್ರಾಯರಿನಿಂದ ತಮ್ಮದೇ ಸ್ಕ್ಯಾನರ್ ತೆಗೆದರು. "ವೈರ್ ಕಟ್ಟಾದರೆ ಸದ್ದು ಬರುತ್ತಾ ಸಾರ್? ಅದಕ್ಕೆ ಇದೇ ಬೇಕು." ಹೊಸ ಪೈಪ್ ಹಾಕಿ, ಸ್ಕ್ಯಾನರಿನಿಂದ ಹಳೆಯ ಸಂಕೇತ ಅಳಿಸಿದರು. ದೀಪ ಆರಿತು. ಪೈಪಿಗೆ ನೂರು ರೂಪಾಯಿಯೂ ಆಗಲಿಲ್ಲ.

ಕಿತ್ತ ಸೆನ್ಸರ್ ಈಗಲೂ ನನ್ನ ಮೇಜಿನ ಮೇಲಿದೆ.