ದಿಮ್ಮಿ, ಸೊಂಟ ಮತ್ತು ಒಂದು ಕೈಗಾಡಿ



ಟಿನ್ ಫ್ಯಾಕ್ಟರಿಯಲ್ಲಿ ಬಸ್ಸಿಳಿದು ನಮ್ಮ ಮನೆಗೆ ಬಂದವರಿಗೆಲ್ಲ ಹಿತ್ತಲಿನ ಗುಲ್‌ಮೊಹರ್ ಮರದ ನೆನಪಿರಬಹುದು. 2003ರಲ್ಲಿ ಕೃಷ್ಣರಾಜಪುರದ ತೂಗುಸೇತುವೆ ಬಂದಾಗಲೂ, 2023ರ ಅಕ್ಟೋಬರಿನಲ್ಲಿ ಬೆನ್ನಿಗಾನಹಳ್ಳಿಗೆ ಮೆಟ್ರೋ ಬಂದಾಗಲೂ ಅದು ತನ್ನ ಪಾಡಿಗೆ ಹೂ ಬಿಡುತ್ತಲೇ ಇತ್ತು. ಕಳೆದ ಬೇಸಿಗೆಯ ಗಾಳಿಮಳೆಗೆ ಅದರ ಕಾಂಡ ಸೀಳಿ, ಪಕ್ಕದ ಮನೆಯ ಛಾವಣಿಯತ್ತ ವಾಲಿತು. ನಮ್ಮದೇ ಹಿತ್ತಲಿನ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಅರ್ಜಿ ಕೊಟ್ಟು, ಅನುಮತಿ ಪಡೆದು, ಮರ ಕಡಿಯುವವರನ್ನು ಹುಡುಕಿದೆ. ಸಿಕ್ಕವನು ನನ್ನ ಹಳೆಯ ವಿದ್ಯಾರ್ಥಿಯೇ! ಹೆಸರು ಬರೆಯಬೇಡಿ ಎಂದಿದ್ದಾನೆ. ಅವನ ತರಗತಿಯವರು ಊಹಿಸಿಕೊಳ್ಳಬಹುದು.

ಮರವನ್ನು ಸುತ್ತು ಹಾಕಿ ನೋಡಿದ ಮೇಲೆ ಅವನು ಕಾಫಿ ಲೋಟ ಹಿಡಿದು ಜಗಲಿಯ ಮೇಲೆ ಕುಳಿತ.

"ಮೇಷ್ಟ್ರೇ, ಒಂದು ಟ್ರಾಲಿ ಮಾಡಿಸೋಣ ಅಂತಿದ್ದೀನಿ. ವೆಲ್ಡಿಂಗ್‌ನವನು ಎಂಟು ಸಾವಿರ ಕೇಳ್ತಾನೆ. ಹಾಕಿದ ದುಡ್ಡು ಹುಟ್ಟುತ್ತಾ, ನೀವೇ ಲೆಕ್ಕ ಹಾಕಿ ಹೇಳಿ."

ನಿವೃತ್ತ ವಿಜ್ಞಾನ ಶಿಕ್ಷಕನಿಗೆ ಇದಕ್ಕಿಂತ ದೊಡ್ಡ ಗುರುದಕ್ಷಿಣೆ ಬೇಕೆ? ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ತಿರುಗಿಸಿ ಲೆಕ್ಕಕ್ಕೆ ಕುಳಿತೆ. ಹಸಿಮರದ ತೂಕದಲ್ಲಿ ದೊಡ್ಡ ಪಾಲು ನೀರಿನದು. ಘನ ಮೀಟರಿಗೆ ಒಂದು ಟನ್ ಎಂದು ಹಿಡಿದರೆ, 30 ಸೆಂಟಿಮೀಟರ್ ವ್ಯಾಸದ, ಒಂದು ಮೀಟರ್ ಉದ್ದದ ದಿಮ್ಮಿ ಸುಮಾರು 70 ಕಿಲೋ ತೂಗುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರ ತನ್ನ ಶಿಫಾರಸಿನಲ್ಲಿ ವಯಸ್ಕ ಪುರುಷನು ಹೊರಬಹುದಾದ ಗರಿಷ್ಠ ಭಾರವನ್ನು 55 ಕಿಲೋ ಎಂದು ಸೂಚಿಸಿದೆ. ನಮ್ಮ ಗಲ್ಲಿಗೆ ಟಾಟಾ ಏಸ್ ಬರುವುದಿಲ್ಲ. ಅದು ನಿಲ್ಲುವ ತಿರುವಿಗೆ ಹಿತ್ತಲಿನಿಂದ 80 ಮೀಟರ್ ದೂರ. ಅಂಥ 24 ದಿಮ್ಮಿಗಳಿದ್ದರೆ, ಇಬ್ಬರು ಸೇರಿ ಒಂದೊಂದಾಗಿ ಹೊತ್ತು ಹಿಂತಿರುಗುವಷ್ಟರಲ್ಲಿ ನಾಲ್ಕು ಕಿಲೋಮೀಟರಿಗೆ ಸ್ವಲ್ಪವೇ ಕಡಿಮೆ ನಡೆದಿರುತ್ತಾರೆ. ಎರಡು ದಿಮ್ಮಿ ಹಿಡಿಸುವ ಗಾಡಿಯಾದರೆ ಹನ್ನೆರಡೇ ಸುತ್ತು, ಅರ್ಧದಷ್ಟೇ ನಡಿಗೆ; ಸಮತಟ್ಟಿನ ನೆಲದಲ್ಲಿ ಎಳೆಯಲು ಒಬ್ಬನೇ ಸಾಕು.

"ನಡೆಯೋದು ಬಿಡಿ ಮೇಷ್ಟ್ರೇ," ಎಂದ. "ಅಣ್ಣ ನಡೆಯುವಾಗ ಬೀಳಲಿಲ್ಲ. ಎತ್ತುವಾಗ ಬಿದ್ದ."

ಅವನ ಅಣ್ಣನೇ ಅವನಿಗೆ ಮರ ಹತ್ತುವುದನ್ನು ಕಲಿಸಿದವನು. ಎರಡು ವರ್ಷದ ಹಿಂದೆ ನೆಲದಲ್ಲಿದ್ದ ದಿಮ್ಮಿಯೊಂದನ್ನು ಬಗ್ಗಿ ಎತ್ತಲು ಹೋಗಿ ಸೊಂಟದ ಡಿಸ್ಕ್ ಜಾರಿ ಮಲಗಿದವನು ಇಂದಿಗೂ ನೇರ ನಿಲ್ಲಲಾರ. ನನ್ನ ಲೆಕ್ಕವೆಲ್ಲ ದೂರದ ಮೇಲಿತ್ತು. ಅವನ ಪ್ರಶ್ನೆ ಎತ್ತುವುದರ ಮೇಲಿತ್ತು. ಹಾಳೆಯನ್ನು ಮಡಿಸಿಟ್ಟೆ.

ಒಂಬತ್ತನೆಯ ತರಗತಿಯಲ್ಲಿ ನಾನು ಹೇಳಿಕೊಟ್ಟ ಸನ್ನೆಯ ಪಾಠ ನಿಮಗೆ ನೆನಪಿದೆಯೇ? ಬಗ್ಗಿ ಎತ್ತುವಾಗ ಸೊಂಟವೇ ಆಧಾರಬಿಂದು. ಬೆನ್ನಿನ ಸ್ನಾಯು ಅಲ್ಲಿಂದ ಕೆಲವೇ ಸೆಂಟಿಮೀಟರ್ ದೂರ, ಕೈಯಲ್ಲಿನ ಭಾರವಾದರೋ ಮೊಳದಷ್ಟು ದೂರ. ಆದ್ದರಿಂದ ಸ್ನಾಯು ಎಳೆಯಬೇಕಾದ ಬಲ ಆ ಭಾರದ ಹಲವು ಪಟ್ಟು. ಬೆನ್ನುಮೂಳೆಯ ಮೇಲೆ ಬೀಳುವ ಒತ್ತಡವೂ ಹಾಗೆಯೇ. ಕೈಗಾಡಿಯದು ಬೇರೆ ಕಥೆ. ಒಂದು ತುದಿಯಲ್ಲಿ ಅಚ್ಚು, ಇನ್ನೊಂದು ತುದಿಯಲ್ಲಿ ಹಿಡಿ, ನಡುವೆ ಭಾರ. ಅಚ್ಚಿಗೆ ಹತ್ತಿರವಾದಷ್ಟೂ ಕೈಗೆ ಹಗುರ. ತುಟಿಯಿರುವ ಗಾಡಿಯನ್ನು ಮುಂದಕ್ಕೆ ಬಗ್ಗಿಸಿದರೆ ತುಟಿ ನೆಲ ಮುಟ್ಟುತ್ತದೆ. ದಿಮ್ಮಿಯನ್ನು ಎತ್ತಬೇಕಾಗಿಲ್ಲ, ಉರುಳಿಸಿದರಾಯಿತು. ವೆಲ್ಡಿಂಗ್‌ನವನ ಚಿತ್ರದಲ್ಲಿ ಈ ತುಟಿಯೇ ಇರಲಿಲ್ಲ! ಸುತ್ತಲೂ ಪೆಟ್ಟಿಗೆಯಂತೆ ತಗಡು ಕಟ್ಟಿದ್ದ. ಅಂಥದ್ದಕ್ಕೆ ದಿಮ್ಮಿ ಹಾಕಲು ಸೊಂಟದೆತ್ತರಕ್ಕೆ ಎತ್ತಲೇಬೇಕು. ಅದಕ್ಕೆ ಎಂಟು ಸಾವಿರವಲ್ಲ, ಎಂಟು ರೂಪಾಯಿ ಕೊಡುವುದೂ ದಂಡ ಎಂದೆ. ತಗಡು ತೆಗೆಸು, ತುಟಿ ಹಾಕಿಸು, ಸಣ್ಣ ಚಕ್ರ ಬೇಡ, ಗಾಳಿ ತುಂಬುವ ದೊಡ್ಡ ಚಕ್ರ ಇರಲಿ, ಹಳ್ಳದಿಣ್ಣೆಯಲ್ಲಿ ದೊಡ್ಡದೇ ಸುಲಭವಾಗಿ ಏರಿಹೋಗುವುದು ಎಂದೂ ಬರೆದುಕೊಟ್ಟೆ. ಸೊಪ್ಪು ರೆಂಬೆಗಳಿಗೆ ಮಾತ್ರ ಗಾಡಿಯಿಂದ ಉಪಯೋಗವಿಲ್ಲ. ಅವನ್ನು ಹಗ್ಗ ಕಟ್ಟಿ ಎಳೆಯುವುದೇ ಸರಿ.

ಇಷ್ಟಾದ ಮೇಲೆ ನನಗೇ ಒಂದು ಸಂಶಯ ಬಂತು. ಅವನ ತಂಡದಲ್ಲಿ ನಾಲ್ವರು. ಗಾಡಿ ಬಂದರೆ ಒಬ್ಬನ ಕೂಲಿ ಉಳಿಯುತ್ತದೆ; ದಿನಕ್ಕೆ ಒಂಬೈನೂರರಂತೆ ಒಂಬತ್ತು ದಿನಕ್ಕೆ ಹಾಕಿದ ದುಡ್ಡು ಹುಟ್ಟುತ್ತದೆ. ಆದರೆ ಉಳಿದ ಆ ಕೂಲಿ ಯಾರ ಮನೆಯದು?

"ನಾಲ್ಕನೆಯವನನ್ನು ಏನು ಮಾಡ್ತೀಯಪ್ಪಾ?" ಎಂದು ಕೇಳಿದೆ.

ಅವನು ಬಹಳ ಹೊತ್ತು ಸುಮ್ಮನಿದ್ದ. "ನಾಲ್ಕನೆಯವನು ಅಣ್ಣನ ಮಗ, ಮೇಷ್ಟ್ರೇ," ಎಂದ. "ಅವನ ಕೂಲಿ ಉಳಿಸೋಕಲ್ಲ, ಅವನ ಸೊಂಟ ಉಳಿಸೋಕೇ ಮಾಡಿಸ್ತಿರೋದು."

ಹಾಗಾದರೆ ಒಂಬತ್ತು ದಿನದ ಲೆಕ್ಕ ನಿಲ್ಲಲಿಲ್ಲ. ಕೂಲಿ ಉಳಿಯದಿದ್ದರೆ ದುಡ್ಡು ಬೇಗ ಹುಟ್ಟುವುದಿಲ್ಲ. ಕೆಲಸ ಬೇಗ ಮುಗಿದು ದಿನಕ್ಕೆ ಇನ್ನೊಂದು ಸಣ್ಣ ಮರ ಸಿಕ್ಕರೆ ಸಿಕ್ಕೀತು, ಇಲ್ಲದಿದ್ದರೆ ಇಲ್ಲ. ಅದನ್ನೂ ಮುಚ್ಚಿಡದೆ ಹೇಳಿದೆ. "ಆಗಲಿ ಬಿಡಿ" ಎಂದು ಹಾಳೆಯನ್ನು ಜೇಬಿಗಿಳಿಸಿದ.

ಮರ ಕಡಿದ ದಿನ ಗಾಡಿ ಬಂತು, ತುಟಿಯೊಡನೆ. ಮೊದಲ ಸುತ್ತಿನಲ್ಲೇ ಮೋರಿಯ ಚಪ್ಪಡಿಗಳ ಸಂದಿಗೆ ಒಂದು ಚಕ್ರ ಸಿಕ್ಕಿಕೊಂಡು ಎಲ್ಲರೂ ನನ್ನ ಮುಖ ನೋಡಿದರು. ದೊಡ್ಡ ಚಕ್ರ ಎಂದವನು ನಾನಲ್ಲವೇ! ನನ್ನಾಕೆ ಅಟ್ಟದಿಂದ ಹಳೆಯ ಕಪಾಟಿನ ಬಾಗಿಲೊಂದನ್ನು ಇಳಿಸಿಕೊಟ್ಟಳು. ಅದನ್ನು ಮೋರಿಗೆ ಅಡ್ಡ ಹಾಸಿದ ಮೇಲೆ ಗಾಡಿ ಸರಾಗವಾಗಿ ಹೋಯಿತು. ಎಳೆಯುತ್ತಿದ್ದವನು ಆ ನಾಲ್ಕನೆಯ ಹುಡುಗ. ಬಾಗಿಲನ್ನೂ ಸಂಜೆ ಅವರೇ ಕೇಳಿ ಒಯ್ದರು.